‘ಚಳಿಗಾಲದ ಗೋಧಿ’ ಎಂಬ ಹೆಸರಿಗೆ ನಾನು ಮರುಳಾದೆ, ನೀವು ಆಗಬೇಡಿ

ಬನವಾಸಿ ಕಡೆಯ ಊರುಗಳಲ್ಲಿ ಈ ವರ್ಷವೂ ‘ಚಳಿಗಾಲದ ಗೋಧಿ’ ಬೀಜದ ಕರಪತ್ರ ಹಂಚುತ್ತಿದ್ದಾರೆಂದು ತಿಳಿದು, ನಾಚಿಕೆಯನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಭತ್ತ ಕೊಯ್ದ ಗದ್ದೆಯ ಹಸಿ ಆರುವ ಮೊದಲೇ ಏನಾದರೂ ಬಿತ್ತಬೇಕೆಂದು ನಾನು ಯೋಚಿಸುತ್ತಿದ್ದಾಗ, ಅಂಗಳಕ್ಕೇ ಬಂದ ಬೀಜದ ವ್ಯಾಪಾರಿಯೊಬ್ಬ ‘ಅಧಿಕ ಇಳುವರಿಯ ಚಳಿಗಾಲದ ಗೋಧಿ’ಯ ಗುಣಗಳನ್ನು ಒಂದೇ ಉಸಿರಿನಲ್ಲಿ ಹೇಳಿದ: ಗಿಡ್ಡ ತಳಿ, ಗಟ್ಟಿ ಕಡ್ಡಿ, ಗಾಳಿಗೆ ಮಲಗುವುದಿಲ್ಲ, ಬುಡವೊಂದಕ್ಕೆ ಹತ್ತಾರು ಮರಿ ಒಡೆಯುತ್ತದೆ. ನಮ್ಮಲ್ಲಿ ಗೋಧಿಯೆಂದರೆ ಹಿಂಗಾರಿನ ಬೆಳೆಯೇ, ಚಳಿಯಲ್ಲಿ ಬೆಳೆಯುವಂಥದ್ದೇ. ಆ ಹೆಸರಿನಲ್ಲೇ ಮೋಸವಿದೆಯೆಂದು ಯಾರು ಎಣಿಸುತ್ತಾರೆ? ಎಕರೆಗೆ 40 ಕಿಲೋದಂತೆ, ಪೇಟೆಯ ದರದ ಎರಡರಷ್ಟು ಕೊಟ್ಟು ಕೊಂಡೆ. ಬಿಲ್ಲನ್ನೂ ಕೇಳಲಿಲ್ಲ. ಹೌದು, ಬಿಲ್ಲನ್ನೂ ಕೇಳಲಿಲ್ಲ.

ಮರಿ ಒಡೆದದ್ದು ನಿಜ. ಗದ್ದೆ ಹಸಿರು ಕಂಬಳಿಯಂತಾಯಿತು. ಆದರೆ 60 ದಿನಗಳ ಆಸುಪಾಸಿನಲ್ಲಿ ಹೊರಬರಬೇಕಿದ್ದ ತೆನೆ 90 ದಿನಗಳಾದರೂ ಬರಲಿಲ್ಲ. ಒಂದು ಬುಡ ಕಿತ್ತು ಉಗುರಿನಿಂದ ಸೀಳಿ ನೋಡಿದೆ: ಎಲೆಯೊಳಗೆ ಎಲೆ, ಒಂದು ಗೆಣ್ಣೂ ಮೇಲೆದ್ದಿಲ್ಲ, ತೆನೆಯ ಸುಳಿವೂ ಇಲ್ಲ.

ವ್ಯಾಪಾರಿಗೆ ಮೊದಲ ಬಾರಿ ಫೋನ್ ಮಾಡಿದಾಗ “ಇಳುವರಿ ಹೆಚ್ಚು, ಅದಕ್ಕೇ ತಡ” ಎಂದ. ಎರಡನೆಯ ಬಾರಿ “ಯೂರಿಯಾ ಕೊಡಿ” ಎಂದ. ಕೊಟ್ಟೆ, ಹುಲ್ಲು ಇನ್ನಷ್ಟು ಸೊಂಪಾಯಿತು. ಮೂರನೆಯ ಬಾರಿ ಆತ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಚಳಿಗಾಲದ ಗೋಧಿ ಎಂದು ಚೀಲದ ಮೇಲೆ ಬರೆದೇ ಇದೆಯಲ್ಲ, ನಿಮ್ಮೂರಿನಲ್ಲಿ ಚಳಿ ಬೀಳದಿದ್ದರೆ ನಾನೇನು ಮಾಡಲಿ?”

ಧಾರವಾಡದಲ್ಲಿ ವಿಚಾರಿಸಿದಾಗ ವಿಷಯ ತಿಳಿಯಿತು. ಯುರೋಪಿನಂಥ ಶೀತದೇಶಗಳ ಈ ಬಗೆಯ ಗೋಧಿಯನ್ನು ಶರತ್ಕಾಲದಲ್ಲಿ ಬಿತ್ತಿ ಮರುವರ್ಷದ ಬೇಸಿಗೆಯಲ್ಲಿ ಕೊಯ್ಯುತ್ತಾರೆ. ಎಳೆಯ ಸಸಿಗೆ ಹಲವು ವಾರ 0ರಿಂದ 8 ಡಿಗ್ರಿಯ ಚಳಿ ತಾಗದೆ ಅದು ತೆನೆಗೆ ತಿರುಗುವುದೇ ಇಲ್ಲ. ಭಾರತದಲ್ಲಿ ನಾವು ಚಳಿಗಾಲದಲ್ಲಿ ಬೆಳೆಯುವುದು ಅಂಥ ಚಳಿ ಬೇಡದ ವಸಂತ ಗೋಧಿಯನ್ನು. ವ್ಯಾಪಾರಿ ಹೇಳಿದ ಗುಣಗಳಲ್ಲಿ ಒಂದೂ ಸುಳ್ಳಲ್ಲದಿರಬಹುದು, ಅದೇ ನನಗೆ ಹೆಚ್ಚು ಉರಿಯುವುದು.

ಗೋಧಿ ಹಾಕಲೇಬೇಕೆಂದಿದ್ದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯುಆರ್ 162, ಯುಎಎಸ್ 304ರಂಥ ತಳಿಗಳನ್ನು ಕೇಳಿ. ಪ್ರಮಾಣಿತ ಬೀಜದ ನೀಲಿ ಚೀಟಿ ನೋಡಿ. ನನ್ನ ಚೀಲಕ್ಕಿದ್ದದ್ದು ಮಾರುವವನೇ ಬರೆದುಕೊಂಡ ಹಸಿರು ಚೀಟಿ. ಬಿಲ್ಲಿಲ್ಲದ್ದರಿಂದ ದೂರು ಕೊಡಲು ಹೋದಲ್ಲಿಯೂ ನಾನೇ ತಲೆ ತಗ್ಗಿಸಬೇಕಾಯಿತು. ಫೆಬ್ರವರಿಯ ಕೊನೆಗೆ ಎಮ್ಮೆಗಳನ್ನು ಗದ್ದೆಗೆ ಬಿಟ್ಟೆ. ಖಾಲಿ ಚೀಲ ಕೊಟ್ಟಿಗೆಯಲ್ಲಿದೆ, ನೋಡಬೇಕೆನ್ನುವವರು ಬರಬಹುದು.