ಕುಂಡದ ಮೆಣಸಿನ ಗಿಡಕ್ಕೆ ಯಾವ ಗೊಬ್ಬರ? ವಿಜಯಪುರದ ಬೋರ್ ನೀರಿನಲ್ಲಿ ಒಂದು ಹೋಲಿಕೆ

ಮಾಳಿಗೆ ಮೇಲೆ ಮೆಣಸಿನಕಾಯಿ, ಟೊಮ್ಯಾಟೊ ಬೆಳೆಯುವವರು ಗೊಬ್ಬರದಂಗಡಿಯಲ್ಲಿ ಮೊದಲು ನೋಡುವುದು ಪೊಟ್ಟಣದ ಮೇಲಿನ ಮೂರು ಅಂಕಿ, ಅಂದರೆ ನೂರಕ್ಕೆ ಎಷ್ಟು ಪಾಲು ಸಾರಜನಕ, ರಂಜಕ, ಪೊಟ್ಯಾಷ್ ಇದೆ ಎಂಬ ಲೆಕ್ಕ. ವಿಜಯಪುರ, ಬಾಗಲಕೋಟೆ ಕಡೆ ಅದಕ್ಕೂ ಮೊದಲು ನೋಡಬೇಕಾದದ್ದು ನೀರು. ಕಾಸಿದ ಪಾತ್ರೆಯ ತಳಕ್ಕೆ ಬಿಳಿ ಪದರ ಹಿಡಿಸುವ ಬೋರ್ ನೀರನ್ನೇ ಕುಂಡಕ್ಕೂ ಹಾಕುತ್ತ ಹೋದರೆ, ಅದರಲ್ಲಿಯ ಬೈಕಾರ್ಬೊನೇಟ್ ಮಣ್ಣಿನ ರಸಸಾರವನ್ನು (pH) ಏರಿಸುತ್ತದೆ, ಅಂದರೆ ಮಣ್ಣು ಕ್ಷಾರವಾಗುತ್ತದೆ. ಆಗ ಕಬ್ಬಿಣ, ಸತು, ರಂಜಕ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಹೀಗಾಗಿ ಬೇರೆ ಊರಿನ ಮೆದು ನೀರಿನಲ್ಲಿ ಹೊಂದಿದ ಗೊಬ್ಬರ ಇಲ್ಲಿ ಕೈ ಕೊಡಬಹುದು.

ಹೋಲಿಕೆಗೆ ಒಂದೇ ತಳಿಯ ಸಸಿ, ಒಂದೇ ಅಳತೆಯ 12 ಇಂಚಿನ ಕುಂಡ, ಒಂದೇ ಮಣ್ಣು: ಎರಡು ಪಾಲು ಮಸಾರಿ (ಕೆಂಪು ಮಣ್ಣು), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ನೆನೆಸಿ ಹಿಂಡಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಕುಂಡಕ್ಕೆ 50 ಗ್ರಾಂ ಬೇವಿನ ಹಿಂಡಿ. ಎರಿ (ಕಪ್ಪು) ಮಣ್ಣು ಹೊಲಕ್ಕೆ ಎಷ್ಟೇ ಒಳ್ಳೆಯದಿರಲಿ, ಕುಂಡಕ್ಕೆ ಬೇಡ. ಒಣಗಿದಾಗ ಬಿರುಕು ಬಿಟ್ಟು ನೀರೆಲ್ಲ ಅಂಚಿನಿಂದ ಸೋರಿಹೋಗುತ್ತದೆ, ನೆನೆದಾಗ ಬೇರಿಗೆ ಗಾಳಿ ಇರುವುದಿಲ್ಲ.

ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. 'ಸರಕಾರಿ ಗೊಬ್ಬರ' ಎಂದರೆ ಬಹಳ ಮಂದಿಗೆ ಇದೂ ಯೂರಿಯಾವೂ ಅಷ್ಟೇ. 18 ಪಾಲು ಸಾರಜನಕ, 46 ಪಾಲು ರಂಜಕ, ಪೊಟ್ಯಾಷ್ ಶೂನ್ಯ. ಕುಂಡದಲ್ಲಿ ಸೋತದ್ದು ಇದೇ. ಕಾಳು ಕರಗುವಾಗ ಸುತ್ತಲಿನ ಮಣ್ಣು ಕ್ಷಾರವಾಗಿ ಅಮೋನಿಯಾ ಹುಟ್ಟುತ್ತದೆ, ಹತ್ತಿರದ ಎಳೆಬೇರು ಸುಡುತ್ತದೆ. ಸುಣ್ಣದ ಅಂಶವಿರುವ ಮಣ್ಣಿನಲ್ಲಿ ರಂಜಕವೂ ಕ್ಯಾಲ್ಸಿಯಂ ಜೊತೆ ಕೂಡಿ ಗಟ್ಟಿಯಾಗಿಬಿಡುತ್ತದೆ. ಒಂದು ಚಮಚ ಹಾಕಿದ ಕುಂಡದಲ್ಲಿ ಎಲೆಯ ಅಂಚು ಕಂದಾಗಿ ಒಣಗಿದರೆ ರೋಗವೆಂದು ಔಷಧ ಹೊಡೆಯಬೇಡಿ. ತಳದಿಂದ ಸೋರುವಂತೆ ಎರಡು-ಮೂರು ಸಲ ಬರೀ ನೀರು ಹಾಯಿಸಿ. ಯೂರಿಯಾದ ಕಥೆ ಬೇರೆ: ಗಿಡ ವಾರದಲ್ಲಿ ಕಪ್ಪುಹಸಿರಾಗಿ ಏಳುತ್ತದೆ, ಹೂ ತಡವಾಗುತ್ತದೆ, ಮೆತ್ತಗಿನ ಚಿಗುರಿಗೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ ಮುತ್ತುತ್ತದೆ.

ನೀರಿನಲ್ಲಿ ಕರಗುವ 19:19:19 ಬಗ್ಗೆ ಜನರ ಹೊಗಳಿಕೆ ಅರ್ಧ ಸರಿ. ಸಸಿ ನಾಟಿ ಮಾಡಿ ಹೊಸ ಎಲೆ ಬಂದಲ್ಲಿಂದ ಮೊದಲ ಮೊಗ್ಗಿನವರೆಗೆ ಇದಕ್ಕಿಂತ ಸಲೀಸಾದದ್ದಿಲ್ಲ. ಅಳತೆ ಲೀಟರಿಗೆ 1 ಗ್ರಾಂ, ವಾರಕ್ಕೆ ಎರಡು ಸಲ, ಕುಂಡಕ್ಕೆ ಸುಮಾರು ಒಂದು ಲೀಟರ್. ವಾರಕ್ಕೊಮ್ಮೆ 5 ಗ್ರಾಂ ಹಾಕಿ ಕೈ ತೊಳೆದುಕೊಳ್ಳುವವರ ಕುಂಡದ ಮೇಲೆ ಉಪ್ಪಿನ ಪದರ ಏಳುತ್ತದೆ. ಮಟ್ಟದ ಟೀ ಚಮಚದಲ್ಲಿ ಹೆಚ್ಚುಕಡಿಮೆ 5 ಗ್ರಾಂ ಹಿಡಿಯುತ್ತದೆ, ಅಂದರೆ ಅಷ್ಟು 5 ಲೀಟರಿಗೆ. ಒಣಗಿದ ಮಣ್ಣಿಗೆ ನೇರವಾಗಿ ಹಾಕಬಾರದು, ಮೊದಲು ಬರೀ ನೀರು. ಹೂ ಬಂದ ಮೇಲೂ ಇದನ್ನೇ ಮುಂದುವರಿಸಿದರೆ ತೊಂದರೆ. ಮೆಣಸಿಗೆ ಅಷ್ಟು ರಂಜಕ ಬೇಡ. ಮಿಕ್ಕದ್ದು ಕಬ್ಬಿಣ-ಸತುವಿನ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ನಮ್ಮ ಲೆಕ್ಕದಲ್ಲಿ ಗೆದ್ದದ್ದು ಒಂದು ಜೋಡಿ: ಮೊಗ್ಗಿನಿಂದ ಆಚೆ ಕ್ಯಾಲ್ಸಿಯಂ ನೈಟ್ರೇಟ್ ಮತ್ತು 13:0:45 (ಪೊಟ್ಯಾಷಿಯಂ ನೈಟ್ರೇಟ್). ಎರಡೂ ಲೀಟರಿಗೆ 1 ಗ್ರಾಂ, ಒಂದು ವಾರ ಅದು, ಮರುವಾರ ಇದು. ಎರಡರಲ್ಲೂ ಸಾರಜನಕ ಬಹುಪಾಲು ನೈಟ್ರೇಟ್ ರೂಪದಲ್ಲಿರುತ್ತದೆ, ಬೇರು ಕೂಡಲೇ ಎಳೆದುಕೊಳ್ಳುತ್ತದೆ. ಕಾಯಿ ತೂಕ ಹಿಡಿಯಲು ಪೊಟ್ಯಾಷ್ ಬೇಕು, ಅದು 13:0:45ರಲ್ಲಿದೆ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಇದ್ದೇ ಇದೆಯಲ್ಲ, ಮತ್ತೆ ಯಾಕೆ ಎಂದು ಕೇಳಬಹುದು. ಗಡಸು ನೀರಿರುವವರು ಮೆಣಸಿಗೆ ಕ್ಯಾಲ್ಸಿಯಂ ನೈಟ್ರೇಟನ್ನು ಅರ್ಧಕ್ಕೆ ಇಳಿಸಬಹುದು. ಮಳೆನೀರು, ನದಿ ನೀರು ಬಳಸುವವರು, ಟೊಮ್ಯಾಟೊ ಇಟ್ಟವರು ಬಿಡಬಾರದು. ಟೊಮ್ಯಾಟೊ ಕಾಯಿಯ ತುದಿ ಕಪ್ಪಾಗಿ ಕುಳಿ ಬೀಳುವುದು ಕಾಯಿಗೆ ಕ್ಯಾಲ್ಸಿಯಂ ತಲುಪದ್ದರಿಂದ. ಒಂದು ದಿನ ಒಣಗಿಸಿ ಮರುದಿನ ತುಂಬಾ ನೀರು ಹಾಕುವ ಚಟವಿದ್ದರೆ ಯಾವ ಗೊಬ್ಬರವೂ ಅದನ್ನು ತಡೆಯದು.

ಒಂದು ಎಚ್ಚರಿಕೆ: ಕ್ಯಾಲ್ಸಿಯಂ ನೈಟ್ರೇಟನ್ನು 19:19:19, 12:61:0 ಅಥವಾ ಯಾವುದೇ ಸಲ್ಫೇಟ್ ಜೊತೆ ಒಂದೇ ಬಕೆಟ್‌ನಲ್ಲಿ ಕಲಸಬೇಡಿ. ನೀರು ಹಾಲಿನಂತೆ ಬೆಳ್ಳಗಾಗಿ ತಳದಲ್ಲಿ ಗಸಿ ಕೂರುತ್ತದೆ. ಆ ಗಸಿ ಗಿಡಕ್ಕೆ ಸಿಗದೆ ಹೋದ ಗೊಬ್ಬರ.

ಸಾವಯವದ ಕಡೆ ಬಂದರೆ, ಎರೆಗೊಬ್ಬರ ಒಂದೇ ಸಾಕು ಎನ್ನುವವರ ಗಿಡ ಸಾಯುವುದಿಲ್ಲ, ಆದರೆ ಮೂರನೇ ಕೊಯ್ಲಿಗೆ ಸೊರಗುತ್ತದೆ. ಸಾರಜನಕ ಅದರಲ್ಲಿ ನೂರಕ್ಕೆ ಒಂದೂವರೆ ಪಾಲಿನ ಆಸುಪಾಸು ಅಷ್ಟೇ. ತಿಂಗಳಿಗೊಮ್ಮೆ ಎರಡು ಹಿಡಿ ಮೇಲುಗೊಬ್ಬರವಾಗಿ ಹಾಕಿ ಮಣ್ಣು ಕೆದರಬೇಕು. ಶೇಂಗಾ ಹಿಂಡಿ ಇದಕ್ಕಿಂತ ಬಲವಾದದ್ದು, ಸಾರಜನಕ ನೂರಕ್ಕೆ ಏಳರ ಹತ್ತಿರ. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು-ನಾಲ್ಕು ದಿನ ನೆನೆಹಾಕಿ, ದಿನಾ ಕೈಯಾಡಿಸಿ, ಸೋಸಿ ಹತ್ತು ಪಾಲು ನೀರು ಕೂಡಿಸಿ ಹಾಕಬೇಕು. ಫಲ ಚೆನ್ನಾಗಿದೆ, ವಾಸನೆ ಮಾತ್ರ ಪಕ್ಕದ ಮನೆಯವರನ್ನು ಮಾತಿಗೆ ಕರೆತರುತ್ತದೆ. ಸಗಣಿ, ಗಂಜಲ, ಬೆಲ್ಲ, ಬೇಳೆ ಹಿಟ್ಟು ಕಲಸಿ ಹುದುಗಿಸಿದ ಜೀವಾಮೃತ ಮಣ್ಣಿನ ಜೀವಾಣುಗಳಿಗೆ ಒಳ್ಳೆಯದು, ಬೆಲ್ಲಕ್ಕೆ ಮಹಾಲಿಂಗಪುರ ಹತ್ತಿರವೇ ಇದೆ. ಆದರೆ ಅದನ್ನೇ ಗೊಬ್ಬರವೆಂದು ನಂಬಿ ಕೂರುವಂತಿಲ್ಲ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುವ ಗಸಿ) ಬೆಳಗಾವಿ, ಬಾಗಲಕೋಟೆಯವರಿಗೆ ಸುಲಭವಾಗಿ ಸಿಗುತ್ತದೆ. ಹಸಿಯಾಗಿ ಹಾಕಿದರೆ ಕಾವು ಏರಿ ಬೇರು ಬೇಯುತ್ತದೆ, ಪೂರ್ತಿ ಕಳಿತು ಕಪ್ಪಾಗಿ ಪುಡಿಯಾದದ್ದನ್ನೇ ತರಬೇಕು. ಹಸಿ ಸಗಣಿಯೂ ಹಾಗೆಯೇ, ಅದರ ಜೊತೆ ಗೊಣ್ಣೆಹುಳವೂ ಬರುತ್ತದೆ.

ಯಾವ ಗೊಬ್ಬರ ಹಾಕಿದರೂ ಬೋರ್ ನೀರಿನಲ್ಲಿ ಒಂದು ಲಕ್ಷಣ ಬಂದೇ ಬರುತ್ತದೆ: ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ; ದ್ರಾವಣ ಕಂದು ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ ಹೊಸದು ಮಾಡಿ. ಬೇರಿಗೆ ಕೊಡುವುದಾದರೆ ಇಡಿಡಿಎಚ್‌ಎ (EDDHA) ರೂಪದ ಕಬ್ಬಿಣವನ್ನೇ ಕೇಳಿ, ಅದು ಕ್ಷಾರದ ಮಣ್ಣಿನಲ್ಲೂ ಕಬ್ಬಿಣವನ್ನು ಬೇರಿಗೆ ಸಿಗುವಂತೆ ಹಿಡಿದಿಡುತ್ತದೆ. ಅಗ್ಗದ ಇಡಿಟಿಎ (EDTA) ರೂಪದ್ದು ಅಲ್ಲಿ ನಿಲ್ಲುವುದಿಲ್ಲ. ಹಳದಿ ಕೆಳಗಿನ ಹಳೆ ಎಲೆಯಿಂದ ಶುರುವಾಗಿ ನರ ಹಸಿರಿದ್ದರೆ ಮೆಗ್ನೀಸಿಯಂ, ಎಲೆ ಇಡಿಯಾಗಿ ಬಿಳಿಚಿದರೆ ಸಾರಜನಕ. ಎಲೆ ಮೇಲಕ್ಕೆ ದೋಣಿಯಾಗಿ ಮುದುಡಿದರೆ ಥ್ರಿಪ್ಸ್, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ಇವೆರಡಕ್ಕೂ ಗೊಬ್ಬರ ಔಷಧವಲ್ಲ. ಏಪ್ರಿಲ್-ಮೇ ಬಿಸಿಲಿನಲ್ಲಿ ಹೂ ಉದುರುವುದು ಸಹ ಹೆಚ್ಚಾಗಿ ಕಾವಿನಿಂದ. ಆಗ ಗೊಬ್ಬರದ ಅಳತೆ ಅರ್ಧ ಮಾಡಿ, 50 ಶೇಕಡಾ ನೆರಳಿನ ಪರದೆ ಕಟ್ಟಿ, ಕುಂಡವನ್ನು ಸುಡುವ ಸಿಮೆಂಟಿನಿಂದ ಎರಡು ಇಟ್ಟಿಗೆ ಎತ್ತರಿಸಿ.

ಎರಡು-ಮೂರು ವಾರಕ್ಕೊಮ್ಮೆ ಗೊಬ್ಬರವಿಲ್ಲದ ನೀರನ್ನು ತಳದಿಂದ ಸೋರುವಷ್ಟು ಹಾಕಿ ಉಪ್ಪು ತೊಳೆಯಬೇಕು. ನಳಕ್ಕೆ ಕೃಷ್ಣಾ ನೀರು ಬರುವ ಓಣಿಯವರು ಆ ನೀರನ್ನೇ ಇದಕ್ಕೆ ಇಟ್ಟುಕೊಳ್ಳಲಿ. ಕ್ಯಾಲ್ಸಿಯಂ ನೈಟ್ರೇಟ್ ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಸುರಿಯಿರಿ; ಮಳೆಗಾಲದಲ್ಲಿ ಬಾಯಿ ತೆರೆದಿಟ್ಟರೆ ತೇವ ಹೀರಿ ನೀರಾಗುತ್ತದೆ, ಆಮೇಲೆ ಗ್ರಾಂ ಲೆಕ್ಕ ಹಿಡಿಯಲು ಬರುವುದಿಲ್ಲ.