ಹೆಣ್ಣುಮಗುವಿಗೆ ಸಾಂಪ್ರದಾಯಿಕ ಹೆಸರು: ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಹೆಸರುಪಟ್ಟಿ ಎಷ್ಟು ಉಪಯುಕ್ತ?

ಅಮೆರಿಕದಲ್ಲಿ ಹೆಣ್ಣುಮಗುವಿಗೆ ಸಾಂಪ್ರದಾಯಿಕವಾದ ಮೊದಲ ಹೆಸರನ್ನೂ ಮಧ್ಯನಾಮವನ್ನೂ ಹುಡುಕುವವರಿಗೆ ಪುಸ್ತಕಗಳ ಬರವಿಲ್ಲ, ಜಾಲತಾಣಗಳ ಬರವೂ ಇಲ್ಲ. ಆದರೆ ಅವುಗಳಲ್ಲಿ ಹಲವು ಈಚೆಗೆ ಚಾಲ್ತಿಗೆ ಬಂದ ಹೆಸರುಗಳನ್ನೂ ಹಳೆಯವುಗಳ ಜೊತೆಗೆ ಸೇರಿಸಿಬಿಡುತ್ತವೆ. ಒಂದು ಹೆಸರು ಎಷ್ಟು ತಲೆಮಾರುಗಳಿಂದ ನಡೆದುಬಂದಿದೆ ಎಂಬುದನ್ನು ಒರೆಗೆ ಹಚ್ಚಿ ನೋಡಲು ಪಿಂಚಣಿಯಂತಹ ಸಾಮಾಜಿಕ ಭದ್ರತೆಯನ್ನು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಸೋಷಿಯಲ್ ಸೆಕ್ಯುರಿಟಿ ಆಡಳಿತ ಉಚಿತವಾಗಿ ಒದಗಿಸುವ ಹೆಸರುಪಟ್ಟಿಗಿಂತ ನಂಬಿಕಸ್ಥ ಸಾಧನವನ್ನು ನಾನು ಕಂಡಿಲ್ಲ. ಮೊದಲ ಹೆಸರಿನ ಮಟ್ಟಿಗೆ ಅದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಮಧ್ಯನಾಮದ ಬಗ್ಗೆ ಮಾತ್ರ ಅದರಿಂದ ಏನನ್ನೂ ನಿರೀಕ್ಷಿಸುವಂತಿಲ್ಲ.

1997ರಲ್ಲಿ ಆ ಸಂಸ್ಥೆಯ ಆಕ್ಚುಯರಿಯಾಗಿದ್ದ (ವಿಮೆ, ಪಿಂಚಣಿಗಳ ಲೆಕ್ಕ ಹಾಕುವ ಅಂಕಿಅಂಶ ತಜ್ಞ) ಮೈಕೆಲ್ ಶ್ಯಾಕಲ್‌ಫರ್ಡ್ ಆರಂಭಿಸಿದ ಈ ಸೇವೆಗೆ ಆಧಾರವಾಗಿರುವುದು ವ್ಯಕ್ತಿಯ ಗುರುತಿನ ಸಂಖ್ಯೆಯನ್ನು ಹೊತ್ತ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಅರ್ಜಿಗಳು. ಮಾಹಿತಿ 1880ರಿಂದ ಮೊದಲಾಗುತ್ತದೆ. ವರ್ಷಕ್ಕೊಂದರಂತೆ ಇರುವ ಕಡತಗಳನ್ನು ಇಳಿಸಿಕೊಂಡು 1880ರದನ್ನು ತೆರೆದರೆ, ‘ಮೇರಿ, ಎಫ್, 7065’ ಎಂಬುದೇ ಮೊದಲ ಸಾಲು. ಹೆಸರು, ಲಿಂಗಸೂಚಕ ಅಕ್ಷರ ಮತ್ತು ಸಂಖ್ಯೆಯನ್ನು ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ಅರ್ಥವಿವರಣೆಯ ಆಡಂಬರವಿಲ್ಲದ ಈ ಶಿಸ್ತು ನನಗೆ ಬಹಳ ಹಿಡಿಸಿತು. ಆದರೆ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಬಂದದ್ದೇ 1935ರಲ್ಲಿ. ಅದಕ್ಕೂ ಹಿಂದೆ ಹುಟ್ಟಿದವರಲ್ಲಿ ಅನೇಕರು ಕಾರ್ಡಿಗೆ ಅರ್ಜಿಯನ್ನೇ ಹಾಕಲಿಲ್ಲವಾದ್ದರಿಂದ, ಹಳೆಯ ಸಂಖ್ಯೆಗಳನ್ನು ಪೂರ್ಣ ಜನನ ಲೆಕ್ಕವೆಂದು ತಿಳಿಯಬಾರದು.

ಈ ಪಟ್ಟಿಯ ನಿಜವಾದ ಬೆಲೆ ತಿಳಿಯುವುದು ಹೆಸರೊಂದರ ಸ್ಥಾನವನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿದಾಗ. ಎಲಿಜಬೆತ್ ಇಷ್ಟು ದಶಕಗಳಲ್ಲಿ ಮೊದಲ ನೂರರಿಂದ ಒಮ್ಮೆಯೂ ಹೊರಬಿದ್ದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮನೆಮಾತಾಗಿದ್ದ ಹೇಝಲ್, 1970ರ ದಶಕದ ನಡುಭಾಗದಿಂದ 1990ರ ದಶಕದ ಕೊನೆಯ ಭಾಗದವರೆಗೆ ಮೊದಲ ಸಾವಿರದಲ್ಲೂ ಇರದೆ, ಈಗ ಮತ್ತೆ ಮೇಲಕ್ಕೆ ಬಂದಿದೆ. ಲಿಂಡಾ 1947ರಿಂದ 1952ರವರೆಗೆ, ಜೆನಿಫರ್ 1970ರಿಂದ 1984ರವರೆಗೆ ಅಗ್ರಸ್ಥಾನದಲ್ಲಿದ್ದವು. ಆದರೂ ಈ ಎರಡನ್ನು ನಾನು ಸಾಂಪ್ರದಾಯಿಕವೆಂದು ಕರೆಯಲಾರೆ, ಏಕೆಂದರೆ ಅವು ಒಂದೊಂದು ಪೀಳಿಗೆಯ ಗುರುತನ್ನು ಹೊತ್ತಿವೆ. ಅಜ್ಜಿಗೂ ಮೊಮ್ಮಗಳಿಗೂ ಒಪ್ಪುವ ಹೆಸರು ಬೇಕಾದವರು ಎಲಿಜಬೆತ್‌ನಂತಹ ನಿರಂತರತೆಯನ್ನೋ, ಹೇಝಲ್‌ನಂತಹ ಮರುಕಳಿಕೆಯನ್ನೋ ಹುಡುಕುವುದು ಮೇಲು.

ಸ್ಥಾನವನ್ನಷ್ಟೇ ನೋಡದೆ ಶೇಕಡಾವಾರು ಪ್ರಮಾಣವನ್ನೂ ನೋಡಬೇಕು. 1880ರ ಪಟ್ಟಿಯ ಹೆಣ್ಣುಮಕ್ಕಳಲ್ಲಿ ಶೇಕಡ 7ಕ್ಕೂ ಹೆಚ್ಚು ಮಂದಿ ಮೇರಿಯರಾಗಿದ್ದರೆ, 2019ರಿಂದ ಮೊದಲ ಸ್ಥಾನ ಹಿಡಿದ ಒಲಿವಿಯಾ ಎಂಬ ಹೆಸರನ್ನು ಪಡೆಯುವವರು ಈಗ ಶೇಕಡ 1ರಷ್ಟೂ ಇಲ್ಲ. ಬಹಳ ಮಂದಿಗೆ ಇದೆ ಎಂಬ ಅಳುಕಿನಿಂದ ಮನಸ್ಸಿಗೆ ಹಿಡಿಸಿದ ಹಳೆಯ ಹೆಸರನ್ನು ಕೈಬಿಡುವ ತಂದೆತಾಯಿಗಳಿಗೆ ಈ ಒಂದು ಅಂಕಿಯೇ ಧೈರ್ಯ ತುಂಬಬಲ್ಲದು. 1946ರವರೆಗೆ ಎಡೆಬಿಡದೆ ಅಗ್ರಸ್ಥಾನದಲ್ಲಿದ್ದ ಮೇರಿ ಕೂಡ ಈಗ ಮೊದಲ ನೂರರ ಹೊರಗಿದೆ. ಸರಳವೂ ಪುರಾತನವೂ ಆದ ಹೆಸರನ್ನು ಬಯಸುವವರು ಅದನ್ನು ಮತ್ತೊಮ್ಮೆ ಪರಿಗಣಿಸಲಿ ಎಂಬುದು ನನ್ನ ಆಸೆ.

ಕೊರತೆಗಳೂ ಇವೆ. ಕಾಗುಣಿತದ ಪ್ರತಿಯೊಂದು ರೂಪವನ್ನೂ ಬೇರೆ ಹೆಸರೆಂದೇ ಎಣಿಸುವುದರಿಂದ, ‘ಕೆ’ಯಿಂದ ಬರೆಯುವ ಕ್ಯಾಥರೀನ್ ಒಂದು ಕಡೆ, ‘ಸಿ’ಯಿಂದ ಬರೆಯುವ ಕ್ಯಾಥರೀನ್ ಇನ್ನೊಂದು ಕಡೆ ಉಳಿಯುತ್ತವೆ. ಕಿವಿಗೆ ಒಂದೇ ಆಗಿ ಕೇಳಿಸುವ ಹೆಸರು ಎಷ್ಟು ಮಕ್ಕಳಿಗಿದೆ ಎಂದು ತಿಳಿಯಬೇಕಾದರೆ ನಾವೇ ಕೂಡಿಸಿಕೊಳ್ಳಬೇಕು. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಖಾಸಗಿತನದ ದೃಷ್ಟಿಯಿಂದ ಪ್ರಕಟಿಸುವುದಿಲ್ಲ. ಆದಕಾರಣ ಮನೆತನದ ಅಪರೂಪದ ಹೆಸರೊಂದು ಅಲ್ಲಿ ಕಾಣದಿದ್ದರೆ ಅದು ಬಳಕೆಯಲ್ಲೇ ಇಲ್ಲ ಎಂದುಕೊಳ್ಳಬೇಕಾಗಿಲ್ಲ.

ಮಧ್ಯನಾಮ ಈ ಲೆಕ್ಕದಲ್ಲಿ ಸೇರಿಲ್ಲ. ಎಣಿಕೆಯಾಗುವುದು ಅರ್ಜಿಯ ಮೊದಲ ಹೆಸರು ಮಾತ್ರ. ಕಾರ್ಡು ಕೊಡುವಾಗಲೂ ಈ ಸಂಸ್ಥೆ ಮಧ್ಯನಾಮವನ್ನು ಕಾನೂನುಬದ್ಧ ಹೆಸರಿನ ಭಾಗವೆಂದು ಪರಿಗಣಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಕುಟುಂಬದ ನೆನಪಿಗೆ ಅತ್ಯಂತ ತಕ್ಕ ಜಾಗ ಅದೇ. ಅಜ್ಜಿಯ ಹೆಸರನ್ನೋ, ತಾಯಿಯ ತವರಿನ ಕುಲನಾಮವನ್ನೋ ಅಲ್ಲಿ ಇಡುವ ರೂಢಿ ಹಳೆಯದು, ಅದಕ್ಕೆ ಯಾವ ಪಟ್ಟಿಯ ಅನುಮೋದನೆಯೂ ಬೇಕಿಲ್ಲ. ಎರಡು ಹೆಸರುಗಳನ್ನು ಕುಲನಾಮದೊಂದಿಗೆ ಗಟ್ಟಿಯಾಗಿ ಹೇಳಿ ನೋಡಬೇಕು: ‘ಎಮ್ಮಾ ಆಲಿಸ್’ ಎಂದಾಗ ಎರಡು ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ‘ಎಮ್ಮಾ ಕ್ಯಾಥರೀನ್’ ಎಂದಾಗ ಎರಡೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಎರಡು ಮಧ್ಯನಾಮಗಳನ್ನು ಇಡಬೇಕೆನ್ನುವವರು ಕಾರ್ಡಿನ ಅಳತೆಯನ್ನೂ ಗಮನಿಸಬೇಕು. ಮೊದಲ ಹೆಸರಿಗೂ ಮಧ್ಯನಾಮಕ್ಕೂ ಸೇರಿ ಅದರಲ್ಲಿರುವುದು 26 ಅಕ್ಷರಗಳ ಜಾಗ; ಎಲಿಜಬೆತ್, ಕ್ಯಾಥರೀನ್, ಜೋಸೆಫೀನ್ ಮೂರನ್ನೂ ಜೋಡಿಸಿದರೆ ಇಂಗ್ಲಿಷಿನಲ್ಲಿ ಅಕ್ಷರಗಳೇ 27 ಆಗುತ್ತವೆ.