ಹಾದಿ ತೋರಿಸಿ ಮರೆಯಾಗುವ ಮರ: ‘ಒಕರಿನಾ ಆಫ್ ಟೈಮ್’ ಆಟದ ವಿಮರ್ಶೆ

ಕೊಕಿರಿ ಕಾಡನ್ನು ಕಾಯುವ ಡೆಕು ಮಹಾವೃಕ್ಷಕ್ಕೆ ತೊಗಟೆಯಲ್ಲೇ ಮೂಡಿದ ಹುಬ್ಬು, ಮೂಗು, ಮೀಸೆಗಳಿವೆ. ಅದರ ಮಾತುಗಳು ಪರದೆಯ ಮೇಲೆ ಅಕ್ಷರಗಳಾಗಿ ಬರುತ್ತವೆ, ಅದೂ ಹಳೆಯ ಗ್ರಂಥಗಳನ್ನು ನೆನಪಿಸುವ ಗಂಭೀರವಾದ ಇಂಗ್ಲಿಷ್‌ನಲ್ಲಿ. 1998ರ ನವೆಂಬರ್‌ನಲ್ಲಿ ನಿಂಟೆಂಡೊ 64 ಕನ್ಸೋಲ್‌ಗೆಂದು ಹೊರಬಂದ ‘ದಿ ಲೆಜೆಂಡ್ ಆಫ್ ಝೆಲ್ಡಾ: ಒಕರಿನಾ ಆಫ್ ಟೈಮ್’ ಆಟವನ್ನು ನಾನು ಹಲವು ಬಾರಿ ಆಡಿದ್ದೇನೆ. ಪ್ರತಿ ಬಾರಿಯೂ ನನ್ನನ್ನು ಹೆಚ್ಚು ಕಾಡಿದ್ದು ಆರಂಭದಲ್ಲೇ ಮುಗಿದುಹೋಗುವ ಈ ಮರದ ಕಥೆ. ಚಿಕ್ಕ ಹುಡುಗನೊಬ್ಬನಿಗೆ ದಾರಿ ತೋರುವ ಕೆಲಸವನ್ನು ಇಷ್ಟು ಕಡಿಮೆ ಮಾತಿನಲ್ಲಿ, ಇಷ್ಟು ಅಕ್ಕರೆಯಿಂದ ಮಾಡಿದ ಪಾತ್ರವನ್ನು ಬೇರೆ ಆಟಗಳಲ್ಲಿ ನಾನು ಕಂಡಿಲ್ಲ.

ಕೊಕಿರಿಗಳೆಂಬ ಕಾಡಿನ ಮಕ್ಕಳಿಗೆಲ್ಲ ಒಬ್ಬೊಬ್ಬ ಪುಟ್ಟ ಕಿನ್ನರಿಯ ಜೊತೆಯಿದ್ದರೆ ಲಿಂಕ್ ಎಂಬ ಹುಡುಗನಿಗೆ ಮಾತ್ರ ಯಾರೂ ಇರುವುದಿಲ್ಲ. ಶಾಪದಿಂದ ಒಳಗೊಳಗೇ ಸಾಯುತ್ತಿರುವ ಮರ ನಾವಿ ಎಂಬ ಕಿನ್ನರಿಯನ್ನು ಕಳುಹಿಸಿ ಅವನನ್ನು ಎಬ್ಬಿಸಿ ಕರೆಸಿಕೊಳ್ಳುತ್ತದೆ. ಆದರೆ ಹುಡುಗ ಓಡಿ ಹೋಗಿ ಮರದ ಮುಂದೆ ನಿಲ್ಲುವಂತಿಲ್ಲ. ಕತ್ತಿ, ಗುರಾಣಿ ಇಲ್ಲದೆ ಒಳಗೆ ಬಿಡುವುದಿಲ್ಲವೆಂದು ಮಿಡೊ ಎಂಬ ಜಂಬದ ಹುಡುಗ ದಾರಿಗೆ ಅಡ್ಡ ನಿಂತಿರುತ್ತಾನೆ. ಚಿಕ್ಕ ಕಿಂಡಿಯೊಂದರಲ್ಲಿ ತೆವಳಿ, ಉರುಳುವ ಬಂಡೆಯಿಂದ ತಪ್ಪಿಸಿಕೊಂಡು ಕತ್ತಿ ಹುಡುಕಬೇಕು. ಹುಲ್ಲು, ಕಲ್ಲುಗಳ ನಡುವೆ ತಡಕಾಡಿ ಆ ಲೋಕದ ಹಣವಾದ ರೂಪಿಗಳನ್ನು 40ರಷ್ಟು ಕೂಡಿಸಿ ಗುರಾಣಿ ಕೊಳ್ಳಬೇಕು. ಹೀಗೆ ಅಲೆಯುವಷ್ಟರಲ್ಲಿ ಓಡುವುದು, ಹತ್ತುವುದು, ಹಾರುವುದು ಎಲ್ಲವೂ ಆಟಗಾರನ ಬೆರಳುಗಳಿಗೆ ತಾನಾಗಿಯೇ ಒಗ್ಗಿಹೋಗಿರುತ್ತದೆ.

ಆಮೇಲೆ ಮರ ತನ್ನ ಬಾಯಿಯನ್ನೇ ಬಾಗಿಲಾಗಿ ತೆರೆಯುತ್ತದೆ. ಒಳಗಿನ ಪೊಳ್ಳು ಕಾಂಡದ ನಡುನೆಲದಲ್ಲಿ ದಪ್ಪ ಜೇಡರ ಬಲೆ ಹಬ್ಬಿದೆ. ಕತ್ತಿಯಿಂದ ಹೊಡೆದರೂ ಅದು ಹರಿಯುವುದಿಲ್ಲ, ಮೇಲೆ ನಿಂತರೆ ಸ್ವಲ್ಪ ಜಗ್ಗುತ್ತದೆ ಅಷ್ಟೇ. ಬಳ್ಳಿ ಹಿಡಿದು ಮೇಲಿನ ಅಂತಸ್ತಿಗೆ ಏರಿ, ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ಆ ಬಲೆ ಅಂಗೈಯಷ್ಟು ಚಿಕ್ಕದಾಗಿ ಕಾಣುತ್ತದೆ. ಅಲ್ಲಿಂದ ಧುಮುಕಿದಾಗ ಮಾತ್ರ ಅದು ಹರಿದು, ಹುಡುಗ ನೆಲಮಾಳಿಗೆಯ ನೀರಿಗೆ ಬೀಳುತ್ತಾನೆ. ಹೀಗೆ ಧುಮುಕಬೇಕೆಂದು ಮರ ಮೊದಲೇ ಹೇಳಿರುವುದಿಲ್ಲ. ಅದು ಕೇಳಿದ್ದು ಅವನ ಧೈರ್ಯವನ್ನು, ಆ ಧೈರ್ಯ ಏನೆಂಬುದು ಅವನಿಗೆ ತಿಳಿಯುವುದು ಈ ಅಂಚಿನ ಮೇಲೆ. ಕೊನೆಯ ಕೋಣೆಯೂ ಹಾಗೆಯೇ. ರಾಣಿ ಗೋಮಾ ಎಂಬ ಒಕ್ಕಣ್ಣಿನ ರಾಕ್ಷಸಿ ಚಾವಣಿಗೆ ಅಂಟಿಕೊಂಡಿರುತ್ತಾಳೆ. ಕತ್ತೆತ್ತಿ ಅವಳನ್ನು ನೋಡುವವರೆಗೆ ಕಾಳಗ ಶುರುವಾಗುವುದೇ ಇಲ್ಲ.

ಮರ ಕೊಟ್ಟ ನಾವಿಯ ಬಗ್ಗೆ ಇಲ್ಲಿ ಹೇಳಲೇಬೇಕು. ಮೂರು ಆಯಾಮದ ಆಟಗಳು ಇನ್ನೂ ಹೊಸದಾಗಿದ್ದ ಆ ದಿನಗಳಲ್ಲಿ, ಸುತ್ತಲೂ ಓಡಾಡುವ ಶತ್ರುವನ್ನು ಕ್ಯಾಮೆರಾದ ಎದುರಿನಲ್ಲೇ ಹಿಡಿದಿಟ್ಟುಕೊಳ್ಳುವುದು ದೊಡ್ಡ ತೊಡಕಾಗಿತ್ತು. ಇಲ್ಲಿ ನಾವಿ ಹಾರಿಹೋಗಿ ಶತ್ರುವಿನ ಮೇಲೆ ಹಳದಿ ಬೆಳಕಾಗಿ ನಿಲ್ಲುತ್ತಾಳೆ. ಕಂಟ್ರೋಲರ್‌ನ ಹಿಂಬದಿಯ ಝಡ್ ಬಟನ್ ಒತ್ತಿ ಹಿಡಿದರೆ ಲಿಂಕ್‌ನ ದೃಷ್ಟಿ ಅಲ್ಲಿಂದ ಕದಲುವುದಿಲ್ಲ. ತಾಂತ್ರಿಕ ಅಗತ್ಯವೊಂದಕ್ಕೆ ಮರದ ಉಡುಗೊರೆಯ ರೂಪ ಕೊಟ್ಟಿರುವುದರಿಂದ, ಮರ ಸತ್ತ ಮೇಲೂ ಅದರ ಕಾಳಜಿ ಪ್ರತಿ ಕಾಳಗದಲ್ಲೂ ಜೊತೆಗಿರುತ್ತದೆ. ಮರ ಸಾಯುತ್ತದೆ, ನಿಜ. ಗೋಮಾಳನ್ನು ಕೊಂದು ಹೊರಬಂದ ಹುಡುಗನಿಗೆ, ಅವನು ಒಳಗೆ ಕಾಲಿಡುವ ಮೊದಲೇ ತನ್ನ ಸಾವು ನಿಶ್ಚಯವಾಗಿತ್ತೆಂದು ಅದು ತಿಳಿಸುತ್ತದೆ. ಪಚ್ಚೆಯ ಕಲ್ಲೊಂದನ್ನು ಕೊಟ್ಟು ರಾಜಕುಮಾರಿಯ ಬಳಿಗೆ ಹೋಗೆಂದು ಹೇಳಿ, ಬಣ್ಣ ಕಳೆದುಕೊಂಡು ಒಣಗುತ್ತದೆ. ಗೆದ್ದೂ ಉಳಿಸಿಕೊಳ್ಳಲಾಗದ ಆ ಸಂಕಟವನ್ನು ಮಕ್ಕಳೂ ಆಡುವ ಆಟದ ಮೊದಲ ಅಧ್ಯಾಯದಲ್ಲೇ ಇಟ್ಟವರ ದಿಟ್ಟತನವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಕೊರತೆಗಳೂ ಇವೆ. ನಾವಿ ಮುಂದೆ ಮುಂದೆ ಗೊತ್ತಿರುವುದನ್ನೇ ಹೇಳಲು ಪದೇ ಪದೇ ಕರೆಯುತ್ತಾಳೆ. ಮರ ಹೋದ ಮೇಲೆ ದಾರಿ ಹೇಳಲು ಬರುವ ಗೂಬೆಯಂತೂ ಉದ್ದುದ್ದ ಮಾತನಾಡಿ, ಅವಸರದಲ್ಲಿ ಬಟನ್ ಒತ್ತಿದವರಿಗೆ ಎಲ್ಲವನ್ನೂ ಮತ್ತೊಮ್ಮೆ ಕೇಳಿಸುತ್ತದೆ. ಮರದ ಮಿತಭಾಷೆಯ ಬೆಲೆ ನನಗೆ ಸರಿಯಾಗಿ ತಿಳಿದದ್ದು ಆ ಗೂಬೆಯ ಎದುರು ನಿಂತಾಗ.

ಏಳು ವರ್ಷ ಕಳೆದು ದೊಡ್ಡವನಾಗಿ ಮರಳಿದ ಲಿಂಕ್ ಅರಣ್ಯ ದೇಗುಲವನ್ನು ಶಾಪದಿಂದ ಬಿಡಿಸಿದಾಗ, ಒಣಗಿದ ಮರದ ಬುಡದ ಮುಂದೆ ಪುಟ್ಟ ಮೊಳಕೆಯೊಂದು ನೆಲ ಸೀಳಿಕೊಂಡು ಏಳುತ್ತದೆ. ಯುದ್ಧದಿಂದ ತಪ್ಪಿಸಿಕೊಂಡು ಬಂದ ತಾಯಿಯೊಬ್ಬಳು ಸಾಯುವ ಮುನ್ನ ತನ್ನ ಕೂಸನ್ನು ಮರಕ್ಕೆ ಒಪ್ಪಿಸಿದ್ದಳು, ಆ ಕೂಸೇ ನೀನು, ನೀನು ಕೊಕಿರಿಯಲ್ಲ ಎಂಬ ಸತ್ಯವನ್ನು ಹೇಳುವುದು ಆ ಮೊಳಕೆ. ಮರ ಅವನನ್ನು ಕರೆಸಿಕೊಂಡದ್ದರ ಹಿಂದೆ ವರ್ಷಗಳ ಪೋಷಣೆಯಿತ್ತೆಂಬುದು ಆಗ ಅರಿವಾಗಿ, ಮೊದಲ ದೃಶ್ಯವೇ ಬೇರೆಯಾಗಿ ಕಾಣತೊಡಗುತ್ತದೆ.

ಹೊಸದಾಗಿ ಆಡುವವರಿಗೆ ಮೂಲ ಆವೃತ್ತಿಗಿಂತ 2011ರ ನಿಂಟೆಂಡೊ 3ಡಿಎಸ್ ಆವೃತ್ತಿ ಹೆಚ್ಚು ಹಿತವೆನಿಸಬಹುದು. ಮೂಲದಲ್ಲಿ ಸೆಕೆಂಡಿಗೆ 20 ಚೌಕಟ್ಟುಗಳಲ್ಲಿ ಓಡುತ್ತಿದ್ದ ಚಿತ್ರ ಇದರಲ್ಲಿ 30ಕ್ಕೆ ಏರಿದೆ, ಮರದ ತೊಗಟೆಯ ಗೆರೆಗಳೂ ಸ್ಪಷ್ಟವಾಗಿವೆ. ಆಟದಲ್ಲಿ ಕನ್ನಡ ಪಠ್ಯವಿಲ್ಲ. ಚಿಕ್ಕ ಮಕ್ಕಳ ಕೈಗೆ ಕೊಡುವುದಾದರೆ ದೊಡ್ಡವರು ಪಕ್ಕದಲ್ಲಿ ಕುಳಿತು, ಮರದ ಮಾತುಗಳನ್ನಾದರೂ ನಿಧಾನವಾಗಿ ಕನ್ನಡದಲ್ಲಿ ಓದಿ ಹೇಳಲಿ.